ಕಿರ್ಲೋಸ್ಕರ ಹೂಡಿದ ಹೊಲ

ಕೆಲವರ ಹೆಸರು ಅವರು ಮಾಡಿದ ವಸ್ತುವಿನೊಳಗೇ ಕರಗಿಹೋಗುತ್ತದೆ. ನಮ್ಮ ಮಹಾಲಿಂಗಪುರದ ಮನೆಯಲ್ಲಿ ಮರದ್ದಕ್ಕೆ ರಂಟಿ ಅನ್ನುತ್ತಿದ್ದರು, ಕಬ್ಬಿಣದ್ದಕ್ಕೆ ಕಿರ್ಲೋಸ್ಕರ. ‘ನಾಳೆ ಕಿರ್ಲೋಸ್ಕರ ಹೂಡಬೇಕು’, ‘ಕಿರ್ಲೋಸ್ಕರದ ಕುಳಾ ಸವದೈತಿ’ ಎಂದು ಅಪ್ಪ ಆಳುಗಳಿಗೆ ಹೇಳುತ್ತಿದ್ದರೆ ನಾನು ಅದೂ ಕುಂಟಿ, ಕೂರಿಗಿಯ ಹಾಗೆ ಒಕ್ಕಲುತನದ ಒಂದು ಶಬ್ದ ಎಂದೇ ತಿಳಿದಿದ್ದೆ. ಅದು ಒಬ್ಬ ಮನುಷ್ಯನ ಅಡ್ಡಹೆಸರು, ಆ ಮನುಷ್ಯ ಹುಟ್ಟಿದ್ದು ನಮ್ಮ ಮಲಪ್ರಭೆಯ ಸೀಮೆಯಲ್ಲಿ ಎಂಬುದು ತಿಳಿದದ್ದು ನಾನು ಇತಿಹಾಸ ಕಲಿಸುವ ಅಕ್ಕೋರಾಗಿ ಎಷ್ಟೋ ವರ್ಷಗಳಾದ ಮೇಲೆ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ಹತ್ತಿರದ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರೇ, ಅದೇ ಮನೆತನದವರೇ. ಮನೆಯ ಮಾತು ಮರಾಠಿ, ಅಂಗಳದ ಮಾತು ಕನ್ನಡ. ಅಂಥ ಮನೆಗಳು ನಮ್ಮ ಕಡೆ ಇಂದಿಗೂ ಬೇಕಾದಷ್ಟಿವೆ. ಲಕ್ಷ್ಮಣರಾಯರಿಗೆ ಓದು ಹತ್ತಲಿಲ್ಲ. ಕೈಗೆ ಸಿಕ್ಕಿದ ಯಂತ್ರ ಬಿಚ್ಚುವುದು, ಚಿತ್ರ ಬರೆಯುವುದು ಇಷ್ಟೇ ಅವರಿಗೆ ಬೇಕಾದದ್ದು. ಮುಂಬೈಯ ಜೆ. ಜೆ. ಕಲಾಶಾಲೆಗೆ ಚಿತ್ರ ಕಲಿಯಲು ಹೋದರು. ಅಲ್ಲಿ ಗೊತ್ತಾಯಿತು, ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ತಿಳಿಯುವುದಿಲ್ಲ ಎಂದು. ಬಣ್ಣ ಬಿಟ್ಟರು, ಗೆರೆ ಉಳಿಯಿತು. ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು ಮುಂಬೈಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮಾಸ್ತರರಾದರು. ಬಡ್ತಿಯ ಸರದಿ ಬಂದಾಗ ಅದು ಇವರಿಗೆ ಸಿಗದೆ ಒಬ್ಬ ಆಂಗ್ಲೋ ಇಂಡಿಯನ್ನನಿಗೆ ಹೋಯಿತು. ನೌಕರಿಗೆ ಶರಣು ಹೊಡೆದು ಬೆಳಗಾವಿಗೆ ಬಂದರು.

ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣಾ ಜೊತೆಗೆ ಸೈಕಲ್ ಅಂಗಡಿ ಇತ್ತು. 1888ರಲ್ಲಿ ಶುರುವಾದದ್ದು. ಒಂದು ಸೈಕಲ್ಲಿಗೆ ಆಗ ಏಳುನೂರರಿಂದ ಸಾವಿರ ರೂಪಾಯಿ! ಅದನ್ನು ತುಳಿಯಲು ಕಲಿಸುವುದಕ್ಕೆ ಹದಿನೈದು ರೂಪಾಯಿ ಬೇರೆ. ಸಾಹೇಬರು, ದೊಡ್ಡ ವಕೀಲರು ಮಾತ್ರ ಸೈಕಲ್ಲಿನಿಂದ ಬೀಳುವ ಭಾಗ್ಯ ಪಡೆದ ಕಾಲ. ಆ ಅಂಗಡಿಯಿದ್ದ ಬೀದಿಗೆ ಕಿರ್ಲೋಸ್ಕರ ರೋಡ್ ಎಂದು ಹೆಸರಾಯಿತು. ಬೆಳಗಾವಿಗೆ ಸೀರೆ ಕೊಳ್ಳಲು ಹೋದ ಎಷ್ಟು ಹೆಣ್ಣುಮಕ್ಕಳು ಆ ಬೀದಿಯಲ್ಲಿ ಚೀಲ ಹಿಡಿದು ನಡೆದಿಲ್ಲ! ನಾನೂ ನಡೆದವಳೇ. ಬೀದಿಗೆ ಆ ಹೆಸರು ಹೇಗೆ ಬಂತೆಂದು ಆಗ ಯಾರು ಕೇಳಿದರು?

ಸೈಕಲ್ಲಿನಿಂದ ಲಕ್ಷ್ಮಣರಾಯರು ಮೇವು ಕತ್ತರಿಸುವ ಯಂತ್ರಕ್ಕೆ ಬಂದರು, ಅಲ್ಲಿಂದ ಕಬ್ಬಿಣದ ನೇಗಿಲಿಗೆ. ನೇಗಿಲೇನೋ ತಯಾರಾಯಿತು, ಕೊಳ್ಳುವವರು ಬರಬೇಕಲ್ಲ? ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಕಬ್ಬಿಣ ನೆಲದೊಳಗೆ ಇಳಿದರೆ ಹೊಲಕ್ಕೆ ವಿಷ ಏರುತ್ತದೆ, ಬೆಳೆ ಸುಟ್ಟುಹೋಗುತ್ತದೆ ಎಂಬ ನಂಬಿಕೆ. ರೈತರನ್ನು ನಾವು ಕೂತಲ್ಲಿಂದ ನಗುವುದು ಸುಲಭ. ವರ್ಷದ ಅನ್ನ ಒಂದೇ ಮಣ್ಣಿನಲ್ಲಿರುವಾಗ, ಪೇಟೆಯವನೊಬ್ಬ ತಂದ ಹೊಸ ವಸ್ತುವನ್ನು ಆ ಮಣ್ಣಿಗೆ ಇಳಿಸಲು ಎದೆ ನಡುಗದಿರುತ್ತದೆಯೇ? ಕುಕ್ಕರು ಹೊಸದಾಗಿ ಬಂದಾಗ ನಮ್ಮ ಅವ್ವ ಒಂದು ವರ್ಷ ಅದನ್ನು ಅಟ್ಟದಿಂದ ಇಳಿಸಿರಲಿಲ್ಲ.

ಆದರೆ ಆ ನೇಗಿಲಿನ ಅವಶ್ಯಕತೆ ಏನಿತ್ತು ಎಂಬುದು ನಮ್ಮ ಕರಿನೆಲ ಕಂಡವರಿಗೇ ಗೊತ್ತು. ಮರದ ರಂಟಿ ನೆಲವನ್ನು ಗೀರುತ್ತದೆ, ಸೀಳುತ್ತದೆ, ಅಷ್ಟೇ. ಮಣ್ಣು ಇದ್ದಲ್ಲೇ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ನೇಗಿಲಿಗೆ ಮಗ್ಗುಲಲ್ಲಿ ಬಾಗಿದ ಒಂದು ರೆಕ್ಕೆ ಇರುತ್ತದೆ. ಕುಳ ಕತ್ತರಿಸಿದ ಹೆಂಟೆಯನ್ನು ಆ ರೆಕ್ಕೆ ಮಗುಚಿ ಹಾಕುತ್ತದೆ, ರೊಟ್ಟಿ ತಿರುವಿ ಹಾಕಿದ ಹಾಗೆ. ಮೇಲಿನ ಕಸ ಕೆಳಗೆ ಹೋಗಿ ಗೊಬ್ಬರವಾಗುತ್ತದೆ, ಕೆಳಗಿನ ಬೇರು ಮೇಲೆ ಬಂದು ಬಿಸಿಲಿಗೆ ಒಣಗಿ ಸಾಯುತ್ತದೆ. ಕರಿಕೆ ಬಿದ್ದ ಹೊಲಕ್ಕೆ ಇದಕ್ಕಿಂತ ಬೇರೆ ಔಷಧ ಆಗ ಇರಲಿಲ್ಲ. ಕರಿಕೆಯನ್ನು ಗಣಪತಿಗೆ ಏರಿಸಿ ಕೈಮುಗಿಯುವ ನಮಗೆ ಅದು ಹೊಲದಲ್ಲಿ ಎಂಥ ರಾಕ್ಷಸ ಎಂಬುದು ಗೊತ್ತಿರುವುದಿಲ್ಲ.

ಇಲ್ಲಿ ನಮ್ಮ ಆಯಿಯ ಮಾತು ಬರಬೇಕು.

ಆಯಿ ಎಂದರೆ ನನ್ನ ಅಪ್ಪನ ತಾಯಿ. ನಮ್ಮೂರು ಆಗ ಮುಧೋಳ ಸಂಸ್ಥಾನದ ಊರು, ಘೋರ್ಪಡೆ ಮನೆತನದ ಆಳಿಕೆ. ಅಜ್ಜ ತೀರಿಕೊಂಡಾಗ ಆಯಿಗೆ ಮೂವತ್ತೆರಡೋ ಮೂವತ್ಮೂರೋ, ಅಪ್ಪನಿಗೆ ಎಂಟು ವರ್ಷ. ಪಾಲಾಗಿ ಬಂದ ಹೊಲದಲ್ಲಿ ಎರಡೆಕರೆ ಹತ್ತು ಗುಂಟೆಯ ಒಂದು ತುಂಡು ಪೂರಾ ಕರಿಕೆ ಹೊಕ್ಕು ಬೀಳುಬಿದ್ದಿತ್ತು. ಅದಕ್ಕೇ ಮೈದುನ ಅದನ್ನು ಧಾರಾಳವಾಗಿ ಅತ್ತಿಗೆಯ ಪಾಲಿಗೆ ಬಿಟ್ಟಿದ್ದ. ಆಯಿ ಒಂದು ಸಂತೆಯ ದಿನ ತನ್ನ ಪಾಟಲಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತನ್ನ ಅಣ್ಣನ ಜೊತೆ ಚಕ್ಕಡಿ ಹತ್ತಿದಳು. ಸಂಜೆ ತಿರುಗಿ ಬರುವಾಗ ಪಾಟಲಿ ಇರಲಿಲ್ಲ, ಚಕ್ಕಡಿಯಲ್ಲಿ ಗೋಣಿತಟ್ಟು ಸುತ್ತಿದ ಕಿರ್ಲೋಸ್ಕರ ಇತ್ತು.

ಗಂಡ ಸತ್ತ ಹೆಂಗಸು ಇದ್ದ ಬಂಗಾರ ಮಾರಿ ಕಬ್ಬಿಣ ತಂದಳು ಎಂದು ಓಣಿ ತುಂಬ ಮಾತು. ಆಳು ಮೊದಲು ಹೂಡಲಿಕ್ಕೇ ಒಪ್ಪಲಿಲ್ಲ.

“ಯವ್ವಾ, ಕಬ್ಬಣಾ ಇಳದರ ಭೂಮಿತಾಯಿಗೆ ಇಸಾ ಏರತೈತಿ ಅಂತಾರ.”

“ನಿನ್ನ ಕಟಗಿ ರಂಟಿ ತುದಿಗೆ ಬಡದ ಕುಳಾ ಯಾತರದಪಾ?” ಎಂದು ಕೇಳಿದಳಂತೆ ಆಯಿ. “ಕುಡಗೋಲು ಯಾತರದು? ಗುದ್ದಲಿ ಯಾತರದು? ಅವಕ್ಕ ಏರಲಾರದ ಇಸಾ ಇದಕ್ಕಷ್ಟ ಏರತೈತೇನು?”

ಆಳು ತಲೆ ಕೆರೆದುಕೊಂಡ. ಆ ನೇಗಿಲು ಒಂದು ಜೋಡಿ ಎತ್ತಿಗೆ ಜಗ್ಗುವಂಥದ್ದಲ್ಲ, ಎರಡು ಜೋಡಿ ಬೇಕು. ಆಯಿ ಪಕ್ಕದ ಹೊಲದವರ ಜೊತೆ ಮುಯ್ಯಿ ಮಾಡಿಕೊಂಡಳು. ಅವರ ಎತ್ತು ಇವಳ ಹೊಲಕ್ಕೆ, ಇವಳ ಕಿರ್ಲೋಸ್ಕರ ಅವರ ಹೊಲಕ್ಕೆ. ಮೂರನೆಯ ದಿನ ಆಳಿಗೆ ಜ್ವರ ಬಂತು. ಮುಯ್ಯಿಯ ಎತ್ತು ಮರುದಿನ ಬಿಟ್ಟುಕೊಡಬೇಕು, ಮತ್ತೆ ಸಿಗುವುದು ಎಂದೋ ಏನೋ. ಹೆಣ್ಣುಮಕ್ಕಳು ರಂಟಿ ಮುಟ್ಟಬಾರದು, ಮುಟ್ಟಿದರೆ ಮಳೆ ಹೋಗುತ್ತದೆ ಎಂಬ ಕಟ್ಟಳೆ ನಮ್ಮ ಕಡೆ ಬಲು ಬಿಗಿ. ಆಯಿ ಬೆಳಕು ಹರಿಯುವ ಮೊದಲೇ ಎದ್ದು ಇಳಕಲ್ ಸೀರೆಗೆ ಕಚ್ಚೆ ಹಾಕಿಕೊಂಡು, ಎಂಟು ವರ್ಷದ ಮಗನನ್ನು ಎತ್ತಿನ ಮುಂದೆ ನಿಲ್ಲಿಸಿ, ಕಿರ್ಲೋಸ್ಕರದ ಹಿಡಿ ಹಿಡಿದಳು. ಊರು ಏಳುವ ಹೊತ್ತಿಗೆ ಉಳಿದಿದ್ದ ಮೂಲೆಯಷ್ಟೂ ಮಗುಚಿ ಬಿದ್ದಿತ್ತು. ಅಪ್ಪ ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ಈ ಕತೆ ಹೇಳುವಾಗಲೂ ದನಿ ತಗ್ಗಿಸಿ, ಬಾಗಿಲ ಕಡೆ ಒಮ್ಮೆ ನೋಡಿ ಹೇಳುತ್ತಿದ್ದ. ಆ ವರ್ಷ ಮಳೆಯೇನೂ ಹೋಗಲಿಲ್ಲ.

ಎರಡು ಬೇಸಿಗೆ ಕರಿಕೆಯ ಬೇರು ಆರಿಸಿ ಸುಟ್ಟು, ಮೂರನೆಯ ವರ್ಷ ಅಲ್ಲಿ ಕಬ್ಬು ಹಚ್ಚಿದಳು. ನಮ್ಮೂರ ಬೆಲ್ಲದ ಪೇಟೆಯ ಹೆಸರು ನಿಮಗೆ ಗೊತ್ತೇ ಇದೆ. ಗಾಣದ ಮನೆಯಿಂದ ಪೆಂಟಿ ತುಂಬಿದ ಚಕ್ಕಡಿ ಅಡತಿ ಅಂಗಡಿಗೆ ಹೋಗುವಾಗ ಆಯಿ ಅದರ ಹಿಂದೆ ನಡೆದೇ ಹೋಗುತ್ತಿದ್ದಳು. ಲೆಕ್ಕ ಬರೆಯಲು ಬರುತ್ತಿರಲಿಲ್ಲ, ಬೆರಳ ಗೆರೆಯಲ್ಲಿ ಎಣಿಸಿದ ಲೆಕ್ಕ ಒಂದಾಣೆಯೂ ತಪ್ಪುತ್ತಿರಲಿಲ್ಲ. ಪಾಟಲಿ ಮಾತ್ರ ಮತ್ತೆ ಮಾಡಿಸಿಕೊಳ್ಳಲಿಲ್ಲ.

ಲಕ್ಷ್ಮಣರಾಯರಿಗೂ ಬೀಳು ನೆಲದ ಪಾಲೇ ಬಂದಿತ್ತು. ಬೆಳಗಾವಿಯ ಕಾರ್ಖಾನೆ ಇದ್ದ ಜಾಗ ಊರು ಬೆಳೆಸಲು ಬೇಕೆಂದು ಪುರಸಭೆ ತೆರವು ಮಾಡಿಸಿತು. ಆಗ ಔಂಧದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ ಕರೆದು ಜಾಗ ಕೊಟ್ಟರು, ಬಡ್ಡಿಯಿಲ್ಲದೆ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. ಔಂಧ ನಮಗೆ ದೂರದ ಸಂಸ್ಥಾನವೇನಲ್ಲ, ಚೂರುಚೂರಾಗಿ ಹರಡಿದ್ದ ಆ ರಾಜ್ಯದ ಒಂದು ಚೂರು ನಮ್ಮ ವಿಜಾಪುರದ ಗುಣದಾಳದಲ್ಲಿಯೂ ಇತ್ತು. ಕೊಟ್ಟ ಜಾಗ ಕುಂಡಲ ರೋಡ್ ಎಂಬ ರೈಲು ನಿಲ್ದಾಣದ ಪಕ್ಕ, ಮೂವತ್ತೆರಡು ಎಕರೆ. ಪಾಪಾಸುಕಳ್ಳಿ ಮತ್ತು ನಾಗರಹಾವು ಬಿಟ್ಟರೆ ಬೇರೆ ಏನೂ ಇಲ್ಲ. 1910ರ ಮಾರ್ಚಿನಲ್ಲಿ ಇಪ್ಪತ್ತೈದು ಕೆಲಸಗಾರರು, ಅವರ ಮನೆಮಂದಿಯೊಂದಿಗೆ ಅಲ್ಲಿ ಇಳಿದರು. ಆ ಊರೇ ಕಿರ್ಲೋಸ್ಕರವಾಡಿ.

ಪುಸ್ತಕಗಳಲ್ಲಿ ‘ಕೆಲಸಗಾರರು ಕುಟುಂಬ ಸಮೇತ’ ಎಂಬ ಎರಡು ಮೂರು ಶಬ್ದಗಳಲ್ಲಿ ಮುಗಿಯುವ ಸಂಗತಿಯನ್ನು ನಾನು ಅಷ್ಟು ಬೇಗ ದಾಟಲಾರೆ. ಮಾರ್ಚ್ ತಿಂಗಳ ಆ ಬಯಲಿನಲ್ಲಿ ನೀರು ಎಲ್ಲಿಂದ ಹೊತ್ತರು? ಕಳ್ಳಿಯ ನಡುವೆ ಒಲೆ ಹೂಡಿದವರು ಯಾರು? ಮಕ್ಕಳನ್ನು ಹಾವಿಗೆ ಅಂಜಿ ಎಲ್ಲಿ ಮಲಗಿಸಿದರು? ಲಕ್ಷ್ಮಣರಾಯರ ಹೆಂಡತಿ ರಾಧಾಬಾಯಿ. ಅವರ ಮಗ ಶಂತನುರಾವ್ ಮುಂದೆ ಅಮೆರಿಕದಲ್ಲಿ ಓದಿಬಂದು ದೊಡ್ಡ ಉದ್ಯಮಿಯಾದರು. 1910ರಲ್ಲಿ ಆತ ಆರೇಳು ವರ್ಷದ ಹುಡುಗ. ಕಾರ್ಖಾನೆಯ ಚರಿತ್ರೆಯಲ್ಲಿ ಭಟ್ಟಿ ಹೊತ್ತಿದ ದಿನ ಬರೆದಿಡುತ್ತಾರೆ, ಒಲೆ ಹೊತ್ತಿದ ದಿನ ಬರೆದಿಡುವುದಿಲ್ಲ.

ಆ ಊರಿನ ಬಗ್ಗೆ ನನಗೆ ಬಹಳ ಹಿಡಿಸಿದ ಸಂಗತಿ ಕಾವಲುಗಾರರದು. ಕಳ್ಳತನದ ಅಪವಾದ ಹೊತ್ತು ಸೆರೆಮನೆ ಕಂಡುಬಂದವರನ್ನೇ ಲಕ್ಷ್ಮಣರಾಯರು ಕಾರ್ಖಾನೆಯ ಕಾವಲಿಗೆ ಇಟ್ಟುಕೊಂಡರು. ಅಸ್ಪೃಶ್ಯತೆಯನ್ನು ತಮ್ಮ ವಾಡಿಯೊಳಗೆ ಸೇರಿಸಲಿಲ್ಲ. ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದಾದಾಗ ಕೊಲ್ಲಾಪುರದ ಶಾಹೂ ಮಹಾರಾಜರು ಕೋಟೆಯ ಹಳೆಯ ತೋಪುಗಳನ್ನು ಕೊಟ್ಟರು, ಅವನ್ನು ಕರಗಿಸಿ ನೇಗಿಲು ಎರಕ ಹೊಯ್ದರು ಎಂಬ ಮಾತು ಆ ಕಡೆ ಪ್ರಸಿದ್ಧ. ನಮ್ಮ ಆಯಿಯ ಕಿರ್ಲೋಸ್ಕರ ಅದಕ್ಕಿಂತ ಬಹಳ ಈಚಿನದು. ಆದರೂ ಅದರ ಕುಳ ಕಲ್ಲಿಗೆ ತಾಗಿ ಖಣ್ ಎಂದಾಗ ನನಗೆ ತೋಪಿನ ನೆನಪಾಗುವುದುಂಟು.

1920ರಲ್ಲಿ ಆ ಕಾರ್ಖಾನೆಯಿಂದ ‘ಕಿರ್ಲೋಸ್ಕರ ಖಬರ್’ ಎಂಬ ಮರಾಠಿ ಪತ್ರಿಕೆ ಹೊರಟಿತು. 1930ರಲ್ಲಿ ‘ಸ್ತ್ರೀ’ ಹೊರಟಿತು, ಹೆಂಗಸರಿಗಾಗಿಯೇ. ಸಂಪಾದಕರು ಲಕ್ಷ್ಮಣರಾಯರ ಅಣ್ಣನ ಮಗ ಶಂಕರರಾವ್. ನೇಗಿಲು ಎರಕ ಹೊಯ್ಯುವ ಊರಿನಿಂದ ಹೆಣ್ಣಿನ ಶಿಕ್ಷಣ, ವಿಧವೆಯ ಬಾಳು ಕುರಿತು ಅಚ್ಚಾದ ಹಾಳೆಗಳು ಮನೆಮನೆಗೆ ಹೋದವು. ನಮ್ಮ ಓಣಿಯ ತಲಾಠಿಯವರ ಹೆಂಡತಿ ಮಿರಜ ಕಡೆಯವರು, ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ‘ಸ್ತ್ರೀ’ ಓದಿ ಉಳಿದವರಿಗೆ ಕನ್ನಡದಲ್ಲಿ ಹೇಳುತ್ತಿದ್ದರಂತೆ. ಆಯಿ ಹತ್ತಿ ಬಿಡಿಸುತ್ತ ಕೇಳುತ್ತಿದ್ದಳು. “ನನ್ನ ರಂಟಿ ಮಾಡಿದಾವರಽ ಇದನ್ನೂ ಮಾಡ್ಯಾರಂತ” ಎಂದು ಅವಳಿಗೆ ಒಂದು ನಮೂನೆಯ ಹೆಮ್ಮೆ, ಆ ಮನೆಯ ಬೀಗತಿಯೇ ತಾನೆಂಬ ಹಾಗೆ.

ಒಬ್ಬ ಕಬ್ಬಿಣದ ಧಣಿ, ಅವನು ಕಟ್ಟಿದ ಊರು ಎಂದಾಗ ನನಗೆ ಪಾಠಕ್ಕಾಗಿ ಓದಿದ ಇನ್ನೊಬ್ಬ ನೆನಪಾಗುತ್ತಾನೆ. ಜರ್ಮನಿಯ ಸಾರ್ ಸೀಮೆಯ ನ್ಯೂನ್‌ಕಿರ್ಷೆನ್ ಊರಿನ ಕಬ್ಬಿಣದ ಕಾರ್ಖಾನೆಯ ಒಡೆಯ ಕಾರ್ಲ್ ಫರ್ಡಿನಾಂಡ್ ಫಾನ್ ಸ್ಟುಮ್. ಹುಟ್ಟಿದ್ದು 1836, ತೀರಿದ್ದು 1901. ಜರ್ಮನಿಯ ಸಂಸತ್ತಿನಲ್ಲಿ ಕೂತ ದೊಡ್ಡ ರಾಜಕಾರಣಿ. ಕೆಲಸಗಾರರಿಗೆ ಮನೆ ಕಟ್ಟಲು ಸಾಲ ಕೊಟ್ಟ, ರೋಗರುಜಿನಕ್ಕೆ ನಿಧಿ ಮಾಡಿದ. ಪ್ರತಿಯಾಗಿ ಅವರ ಇಡೀ ಬಾಳನ್ನೇ ಕೇಳಿದ. ಕಾರ್ಮಿಕ ಸಂಘ ಸೇರಬಾರದು, ಸಮಾಜವಾದಿ ಪತ್ರಿಕೆ ಓದಬಾರದು. ಕೆಲಸಗಾರ ಮದುವೆಯಾಗಬೇಕಾದರೂ ಧಣಿಯ ಒಪ್ಪಿಗೆ ಬೇಕು! ಜನ ಅವನಿಗೆ ರಾಜ ಎಂದೇ ಕರೆದು ಚೇಷ್ಟೆ ಮಾಡುತ್ತಿದ್ದರು. ನನ್ನ ವಿದ್ಯಾರ್ಥಿನಿಯರಿಗೆ ಇದನ್ನು ಹೇಳಿದಾಗ ಒಬ್ಬಳು, “ಹಂಗಾರ ಹುಡುಗಿ ನೋಡಾಕ ಅಂವನ ಬರತಿದ್ದನೇನ್ರಿ ಅಕ್ಕೋರ?” ಎಂದು ಕೇಳಿ ಇಡೀ ವರ್ಗ ನಗಿಸಿದ್ದಳು.

ಆದರೆ ಇದೇ ಮನುಷ್ಯ 1896ರಲ್ಲಿ ಜರ್ಮನಿಯ ಹೊಸ ನಾಗರಿಕ ಸಂಹಿತೆಯ ಚರ್ಚೆ ನಡೆದಾಗ, ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಕೈಗೆ ಹೋಗಬಾರದು, ಅದು ಅವಳ ಕೈಯಲ್ಲೇ ಇರಲಿ ಎಂದು ವಾದಿಸಿದ. ಅವನ ಮಾತು ನಡೆಯಲಿಲ್ಲ. 1900ರ ಜನವರಿ 1ರಿಂದ ಜಾರಿಗೆ ಬಂದ ಸಂಹಿತೆ ಹೆಂಡತಿಯ ಆಸ್ತಿಯ ಆಡಳಿತವನ್ನು ಗಂಡನಿಗೇ ಕೊಟ್ಟಿತು. ಕೆಲಸಗಾರನ ಮದುವೆಗೆ ತನ್ನ ಅಪ್ಪಣೆ ಬೇಕೆಂದವನು ಹೆಂಡತಿಯ ಹಣಕ್ಕೆ ಗಂಡನ ಅಪ್ಪಣೆ ಬೇಡವೆಂದದ್ದು ಯಾಕೆ? ಮನುಷ್ಯರನ್ನು ಒಂದೇ ತಕ್ಕಡಿಯಲ್ಲಿ ತೂಗಲು ಹೋದರೆ ಹೀಗೇ ಗೊಂದಲ. ಲಕ್ಷ್ಮಣರಾಯರನ್ನು ನಾನು ಸ್ಟುಮ್ ಜೊತೆ ಸಾಲಾಗಿ ನಿಲ್ಲಿಸುವುದಿಲ್ಲ, ಅವರ ದಾರಿ ಬೇರೆ. ಆದರೂ ಮನೆ, ಶಾಲೆ, ಅಂಗಡಿ, ಕೂಲಿ ಎಲ್ಲವೂ ಒಬ್ಬನೇ ಧಣಿಯ ಕೈಯಿಂದ ಬರುವ ಊರೆಂದರೆ ನನಗೆ ಸ್ವಲ್ಪ ಅಳುಕು. ಧಣಿ ಎಷ್ಟೇ ಒಳ್ಳೆಯವನಿರಲಿ, ಅವನ ಎದುರು ‘ಆಗುವುದಿಲ್ಲ’ ಎನ್ನಲು ಕಾಲಡಿಯಲ್ಲಿ ತನ್ನದೆಂಬ ನೆಲ ಬೇಕು. ತವರಿನಲ್ಲಿಯೂ ಅಷ್ಟೇ.

ತವರಿನ ಮಾತು ಬಂತು, ಹೇಳಿಬಿಡುತ್ತೇನೆ. ಅಪ್ಪ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 2021ರಲ್ಲಿ, ಅಣ್ಣ ತಮ್ಮ ಇಬ್ಬರೂ ಹೊಲ ಪಾಲು ಮಾಡಿಕೊಳ್ಳಲು ಹೊರಟರು. ನನ್ನ ಮದುವೆಯಾದದ್ದು 1978ರಲ್ಲಿ. ನಮ್ಮ ರಾಜ್ಯ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಾಗ, ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿ ಕಿತ್ತಿತು. ಆ ತಿದ್ದುಪಡಿಗೂ ಮೊದಲೇ ತಂದೆ ತೀರಿದ್ದರೂ ಮಗಳಿಗೆ ಹುಟ್ಟಿನಿಂದಲೇ ಪಾಲು ಉಂಟು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು. ಇದೆಲ್ಲ ನನಗೆ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು, ಇಲ್ಲದಿದ್ದರೆ ಹಕ್ಕು ಬಿಟ್ಟುಕೊಡುವ ಪತ್ರ ಬರೆಸಿಕೊಂಡು ಬರುತ್ತಿರಲಿಲ್ಲ.

“ತಂಗೀ, ಒಂದ ಸಹಿ. ನಿನಗೇನ ಕಡಿಮಿ ಐತಿ? ಪೆನ್ಶನ್ ಬರತೈತಿ. ಹಬ್ಬಕ್ಕ ಸೀರಿ, ಪಂಚಮಿಗೆ ಉಂಡಿ ನಾವೇನ ತಪ್ಪಸೇವಿ?”

ತಪ್ಪಿಸಿರಲಿಲ್ಲ, ನಿಜ. ಅದೇ ಕಷ್ಟ. ಕೆಟ್ಟ ಅಣ್ಣನಾಗಿದ್ದರೆ ಉತ್ತರ ಬಾಯಲ್ಲೇ ಇರುತ್ತಿತ್ತು. ಪಂಚಮಿಗೆ ಕರೆಯಲು ಬರುವ ಅಣ್ಣನ ಕೈಯಿಂದ ಪೆನ್ನು ಇಸಕೊಂಡು ‘ಇಲ್ಲ’ ಎನ್ನುವುದು ಎಂಥ ಸಂಕಟವೆಂದು ಹೆಣ್ಣುಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ. ಕಾಯಿದೆ ಪಾಲು ಕೊಡುತ್ತದೆ, ಪಂಚಮಿಯ ಉಂಡಿ ಕೊಡುವುದಿಲ್ಲ. ಎಂಟು ದಿನ ಸಮಯ ಕೇಳಿದೆ.

ಆ ಎಂಟು ದಿನಗಳಲ್ಲಿ ಇನ್ನೊಂದು ಸುದ್ದಿ ತಿಳಿಯಿತು. ಹಳೆಯ ದನದ ಮನೆ ಕೆಡವುವುದಿತ್ತು. ಅಲ್ಲಿ ಬಿದ್ದ ಕಬ್ಬಿಣವನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕಲು ತಮ್ಮ ಮಾತಾಡಿದ್ದ. ಅದರಲ್ಲಿ ಕಿರ್ಲೋಸ್ಕರವೂ ಇತ್ತು. ಹಿಡಿ ತುಕ್ಕು ಹಿಡಿದಿತ್ತು, ರೆಕ್ಕೆ ಮಾತ್ರ ನೆಲಕ್ಕೆ ತಿಕ್ಕಿ ತಿಕ್ಕಿ ಒಂದು ಮಗ್ಗುಲು ಇನ್ನೂ ನುಣ್ಣಗಿತ್ತು.

ಒಂಬತ್ತನೆಯ ದಿನ ಹಿರಿಯರು ಕೂಡಿದ್ದರು. ಚಹಾ ಆಯಿತು. ಪೂರ್ತಿ ಪಾಲು ನನಗೆ ಬೇಡ, ಆಯಿಯ ಕರಿಕೆಯ ತುಂಡು, ಎರಡೆಕರೆ ಹತ್ತು ಗುಂಟೆ, ನನ್ನ ಹೆಸರಿಗೆ ಮಾಡಿರಿ, ಉಳಿದದ್ದಕ್ಕೆ ಸಹಿ ಹಾಕುತ್ತೇನೆ ಎಂದೆ. ಕಿರ್ಲೋಸ್ಕರವನ್ನೂ ಕೇಳಿದೆ. ಲೆಕ್ಕ ಹಾಕಿದರೆ ನನಗೆ ಬರಬೇಕಾದದ್ದಕ್ಕಿಂತ ಅದು ಕಡಿಮೆಯೇ. ಆದರೂ ಅಣ್ಣನ ಮುಖ ಬಿಗಿಯಿತು. ಆ ತುಂಡು ಈಗ ಕಾಲುವೆಯ ನೀರಿನ ಸಾಲಿಗೆ ಹತ್ತಿಕೊಂಡಿದೆ, ಊರು ಬೆಳೆದು ಬೆಲೆಯೂ ಏರಿದೆ.

“ಅದನ್ನ ತಗೊಂಡು ನೀ ಏನ ಮಾಡಾಕಿ? ಹೆಣಮಗಳು ರಂಟಿ ಹೊಡ್ಯಾಕಿ ಏನು?” ಎಂದ.

ಅಲ್ಲಿ ಕೂತವರಲ್ಲಿ ಅಪ್ಪನ ಓರಗೆಯ ಒಬ್ಬ ಕಾಕಾ ಇದ್ದರು, ತೊಂಬತ್ತು ದಾಟಿದವರು. ಕಿವಿ ಕೇಳುವುದಿಲ್ಲವೆಂದು ಎಲ್ಲರೂ ತಿಳಿದಿದ್ದೆವು. ಅವರು ಚಹಾದ ಬಸಿ ಕೆಳಗಿಟ್ಟು, “ನಿಮ್ಮ ಆಯಿ ಹೊಡದಾಳಲ್ಲೊ. ನಾ ಬಾವಿ ಕಡೆಯಿಂದ ನೋಡೇನಿ” ಎಂದರು. ಎಂಬತ್ತು ವರ್ಷ ಆ ಮಾತನ್ನು ಅವರು ಹೊರಗೆ ಬಿಟ್ಟಿರಲಿಲ್ಲ.

ಅಣ್ಣ ಆವತ್ತು ಒಪ್ಪಲಿಲ್ಲ. ಆರು ತಿಂಗಳು ಮಾತಿಲ್ಲ, ಆ ವರ್ಷ ಪಂಚಮಿಗೆ ಯಾರೂ ಕರೆಯಲು ಬರಲಿಲ್ಲ. ಉಂಡಿಯನ್ನು ನಾನೇ ಕಟ್ಟಿ ಓಣಿಯವರಿಗೆ ಹಂಚಿದೆ. ಆಮೇಲೆ ದೀಪಾವಳಿಯ ಹಿಂದಿನ ದಿನ ತಮ್ಮ ಗಾಡಿಯಲ್ಲಿ ಕಿರ್ಲೋಸ್ಕರ ಹೇರಿಕೊಂಡು ಬಂದು ಹಿತ್ತಿಲಲ್ಲಿ ಇಳಿಸಿಹೋದ. ಕಾಗದಪತ್ರ ಆಗುವಷ್ಟರಲ್ಲಿ ಮತ್ತೊಂದು ವರ್ಷ ಹಿಡಿಯಿತು.

ಈಗ ಆ ತುಂಡಿನಲ್ಲಿ ಕಬ್ಬು ಇದೆ. ನೇಗಿಲು ಹೊಡೆಯುವುದು ಟ್ರ್ಯಾಕ್ಟರ್, ಕಬ್ಬು ಹೋಗುವುದು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ. ಗಾಣದ ಮನೆಗಳು ಮೊದಲಿನಷ್ಟಿಲ್ಲ. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು, 1969ರಲ್ಲಿ ಅವರ ಅಂಚೆಚೀಟಿ ಬಂತು. 1941ರಲ್ಲಿ ಹರಿಹರದಲ್ಲಿ ಶುರುವಾದ ಅವರ ಮನೆತನದ ಮೈಸೂರು ಕಿರ್ಲೋಸ್ಕರ ಕಾರ್ಖಾನೆ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಯಿತು. ಕಿರ್ಲೋಸ್ಕರವಾಡಿ ಇದೆ, ಅಲ್ಲಿ ಪಂಪುಗಳು ತಯಾರಾಗುತ್ತವೆ. ನನ್ನ ಹೊಲದಲ್ಲಿರುವುದು ಬೇರೆ ಕಂಪನಿಯ ಪಂಪು. ಸುಟ್ಟುಹೋದಾಗ ರಿಪೇರಿಯವನು ಮೂರು ದಿನ ಕಾಯಿಸುತ್ತಾನೆ. ಹೋದ ತಿಂಗಳು ಉತಾರ ತೆಗೆಸಲು ಹೋಗಿದ್ದೆ. ಸಾಲಿನಲ್ಲಿ ನನ್ನ ಹಿಂದೆ ನಿಂತ ಹುಡುಗಿ ಕಾಗದ ಇಣುಕಿ ನೋಡಿ, “ಅಕ್ಕೋರ, ಇದರಾಗ ನಿಮ್ಮ ಹೆಸರಷ್ಟ ಐತಲ್ರಿ, ಗಂಡನ ಹೆಸರು ಎಲ್ಲೈತಿ?” ಎಂದು ಕೇಳಿದಳು. ಅಪ್ಪನ ಹೆಸರಿರುವ ಸಾಲು ತೋರಿಸಿ, ಕಾಗದ ಮಡಿಚಿ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೊರಟೆ.